ನಾಜಲ್ ಬುಡದ ಸಪ್ಪಳ

ರಸೂಲಸಾಬರು ಉದ್ದನೆಯ ಸ್ಕ್ರೂ ಡ್ರೈವರಿನ ತುದಿಯನ್ನು ಎಂಜಿನ್ನಿನ ಮೈಗೆ ಊರಿ, ಹಿಡಿಕೆಯನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ಬಗ್ಗಿ ನಿಂತಿದ್ದರು. ಎಡಗೈಯ ಒಂದು ಬೆರಳನ್ನು ಮೇಲಕ್ಕೆತ್ತಿದಾಗ ಒಳಗೆ ಕುಳಿತಿದ್ದ ಅಮೃತಾ ಆಕ್ಸಿಲರೇಟರನ್ನು ಮೆಲ್ಲಗೆ ಒತ್ತಿದಳು. ತೆರೆದ ಬಾನೆಟ್ಟಿನ ಆಚೆಯಿಂದ ಆ ಸಪ್ಪಳ ಮತ್ತೆ ಬಂತು. ದಮ್ಮಿನವರು ಮೆಟ್ಟಿಲು ಹತ್ತುವಾಗ ಹಲ್ಲಿನ ಸಂದಿಯಿಂದ ಬಿಡುವ ಉಸಿರಿನಂಥದ್ದು. ಎಂಜಿನ್ ಜೋರಾದರೆ ಅದೂ ಅವಸರ ಮಾಡುತ್ತಿತ್ತು. ಕಾಲು ತೆಗೆದರೆ ಅದೂ ನಿಧಾನವಾಗುತ್ತಿತ್ತು.

ರಸೂಲಸಾಬರು ಕಣ್ಣು ತೆರೆದರು. "ಛಲೋ ಐತಿ ಅವ್ವ. ಬೀಸೂ ಕಲ್ಲಿನಂಗ ಒಂದ ಸಮನ ಓಡಾಕತ್ತೈತಿ."

ಅವಳು ಗಾಡಿ ಬಂದ್ ಮಾಡಿ ಇಳಿದು ಬಂದಳು. "ಚಾಚಾ, ಆ ಸಪ್ಪಳ?"

"ಯಾ ಸಪ್ಪಳ?"

"ಈಗ ಬಂತಲ್ರಿ. ಉಸಿರು ಬಿಟ್ಟಂಗ."

"ಡೀಸೆಲ್ ಗಾಡಿ ಅಂದಮ್ಯಾಲ ಸಪ್ಪಳ ಇರೂದ. ನಿಮ್ಮಪ್ಪನ ಜೀಪ್ ನೆನಪೈತೇನು? ಚಾಲೂ ಆತಂದ್ರ ಈ ಬೇವಿನ ಗಿಡದಾಗಿನ ಗುಬ್ಬಿ ಎಲ್ಲಾ ತಾವರಗೇರಾ ಮುಟ್ಟತಿದ್ವು. ಅಮರಪ್ಪ ಒಂದ ದಿನಾ ಸಪ್ಪಳ ಅಂದಾವಲ್ಲ." ಅವರು ಸ್ಕ್ರೂ ಡ್ರೈವರನ್ನು ಅರಿವೆಯಿಂದ ಒರೆಸುತ್ತ ನಕ್ಕರು. "ನಿನಗ ಗಾಡಿ ಸಪ್ಪಳಕ್ಕಿಂತ ನಿನ್ನ ಹೆದರಿಕಿ ಸಪ್ಪಳನ ಜೋರ ಕೇಳ್ತೈತಿ ನೋಡು."

ಅಮೃತಾ ಕೂಡ ನಕ್ಕಳು. ಈ ಮಾತು ಅವಳಿಗೆ ಹೊಸದಲ್ಲ. ಬೀಗ ಹಾಕಿ ಬಂದ ಮೇಲೂ ಒಮ್ಮೆ ಹೋಗಿ ಎಳೆದು ನೋಡುವವಳು, ಗ್ಯಾಸಿನ ಗುಂಡಿ ತಿರುಗಿಸಿದ್ದೇನೋ ಇಲ್ಲವೋ ಎಂದು ದಾರಿಯಿಂದ ತಿರುಗುವವಳು ಎಂದು ಮನೆಯಲ್ಲಿ ಎಲ್ಲರೂ ಆಡಿಕೊಳ್ಳುತ್ತಿದ್ದರು. ಹಾಗಾಗಿ ತನ್ನ ಕಿವಿಯನ್ನು ತಾನೇ ಪೂರ್ತಿ ನಂಬುವ ಧೈರ್ಯ ಅವಳಿಗಿರಲಿಲ್ಲ. ಆದರೆ ಮೂಗು ಕೂಡ ಸುಳ್ಳು ಹೇಳುತ್ತದೆಯೇ? ತೋಟಗಾರಿಕೆ ಇಲಾಖೆಯ ಕೆಲಸವೆಂದರೆ ದಿನವೂ ದಾಳಿಂಬೆ ತೋಟಗಳ ಕಲ್ಲುದಾರಿ. ಈಚೆಗೆ ಏಸಿ ಹಾಕಿದರೆ ಸಾಕು, ಸುಟ್ಟ ಡೀಸೆಲ್ಲಿನ ವಾಸನೆ ಮುಖಕ್ಕೆ ಬಡಿದು ಮಧ್ಯಾಹ್ನದ ಹೊತ್ತಿಗೆ ತಲೆ ಸಿಡಿಯುತ್ತಿತ್ತು. ನಿನ್ನೆ ತಾವರಗೇರಾದ ಹಾದಿಯಲ್ಲಿ ಏರು ಬಂದಾಗ ಕಾರು ಪಿಕಪ್ ಇಲ್ಲದೆ ಮುಲುಕಿತ್ತು. ಹಿಂದಿನ ಟಂಟಂ ರಿಕ್ಷಾದವನು ಅವಳನ್ನು ನೋಡಿ ನಗುತ್ತ ದಾಟಿಹೋಗಿದ್ದ.

ಇದೆಲ್ಲ ಶುರುವಾದದ್ದು ಮೈಲೇಜ್ ಬರುತ್ತಿಲ್ಲವೆಂದು ರಸೂಲಸಾಬರು ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ನಾಲ್ಕೂ ನಾಜಲ್ ಬಿಚ್ಚಿ ತೊಳೆದು ಹಾಕಿದ ಮೇಲೆ. ಗಂಡ ರುದ್ರೇಶ ಕೊಪ್ಪಳದಿಂದ ಫೋನಿನಲ್ಲೇ ತೀರ್ಮಾನ ಹೇಳಿಬಿಟ್ಟಿದ್ದ. "ಆ ಮುದುಕನ ಕೈಯಾಗ ಕೊಡಬ್ಯಾಡಂದ್ರ ಕೇಳಂಗಿಲ್ಲ ನೀ. ರವಿವಾರ ಗಂಗಾವತಿಗೆ ಒಯ್ಯೂನು. ಹಿಂಗ ಓಡಿಸಿದಿ ಅಂದ್ರ ಒಂದಿನ ಎಂಜಿನ್ ಹೆಡ್ಡ ಇಳಸೂ ಪಾಳಿ ಬರ್ತೈತಿ."

ನಟ್ಟು ಬಿಚ್ಚುವ ಪಾನಾಗಳ ಡಬ್ಬಿಯ ಮೇಲಿದ್ದ ರಸೂಲಸಾಬರ ಮೊಬೈಲು ಹೊಡೆದುಕೊಳ್ಳತೊಡಗಿತು. ದೊಡ್ಡ ದನಿಯ ಮೊಬೈಲು. ರಸ್ತೆಯಾಚೆಯ ಪಂಚರ್ ಅಂಗಡಿಯವನೂ ಕತ್ತೆತ್ತಿ ನೋಡಿದ. ರಸೂಲಸಾಬರು ಅದಕ್ಕೆ ಬೆನ್ನು ಮಾಡಿ, ಬಾನೆಟ್ಟಿನ ಅಂಚಿಗೆ ಕೂತ ದೂಳನ್ನು ಸಾವಕಾಶ ಒರೆಸುತ್ತಿದ್ದರು. ಅದು ಹೊಡೆದುಕೊಂಡು ಹೊಡೆದುಕೊಂಡು ನಿಂತಿತು. ಅಷ್ಟರಲ್ಲಿ ಅಂಗಡಿಯ ಹಿಂದಿನ ಮನೆಯಿಂದ ಮೆಹಬೂಬಬೀ ಚಹಾ ತಂದರು. ಗಂಡನನ್ನು ಕರೆಯಲಿಲ್ಲ. ಕಾರನ್ನು ಪೂರ್ತಿ ಸುತ್ತಿಕೊಂಡು ಅವರ ಎದುರಿಗೆ ಹೋಗಿ ನಿಂತು, ಲೋಟವನ್ನು ಅವರ ಕಣ್ಣಿಗೆ ಕಾಣುವಂತೆ ಮುಂದೆ ಹಿಡಿದರು.

ಅಮೃತಾ ಅದನ್ನು ನೋಡಿದಳು. ಅವಳು ನೋಡಿದ್ದನ್ನು ಮೆಹಬೂಬಬೀ ನೋಡಿದರು.

"ಬಾ ಬೇಟಿ, ಒಳಗ ಉಪ್ಪಿನಕಾಯಿ ಹಾಕೀನಿ, ಸ್ವಲ್ಪ ಒಯ್ಯುವಿ," ಎಂದು ಅವಳನ್ನು ಒಳಗೆ ಕರೆದುಕೊಂಡು ಹೋದರು. ಅಡುಗೆಮನೆಯಲ್ಲಿ ಭರಣಿಯ ಬಾಯಿಗೆ ಕಟ್ಟಿದ ಅರಿವೆ ಬಿಚ್ಚುತ್ತ, ದನಿ ತಗ್ಗಿಸದೆಯೇ ಮಾತಾಡಿದರು. ತಗ್ಗಿಸುವ ಅಗತ್ಯವಿರಲಿಲ್ಲ.

"ಗೊತ್ತಾತಲ್ಲ ನಿನಗ?"

"ಯಾವಾಗಿಂದ ಚಾಚಿ?"

"ಹ್ವಾದ ಥಂಡೀ ಕಾಲಕ್ಕ ಒಂದು ಕಿವಿ ಗುಂಯ್ ಅಂತೈತಿ ಅಂದ್ರು. ಆಮ್ಯಾಲ ಆ ಮಾತ ತಗೀಲಿಲ್ಲ. ಮಗಳು ಅನೀಸಾ ಕಿವೀಗೆ ಮಿಷನ್ ಹಾಕಸ್ತೀನಿ ಬಾ ಅಬ್ಬಾ ಅಂದದ್ದಕ್ಕ ಆಕಿ ಜೋಡಿ ಮಾತ ಬಿಟ್ರು. ಈಗ ನನ್ನ ತುಟಿ ನೋಡಿ ಜವಾಬ್ ಕೊಡ್ತಾರ. ನಾ ಬೈಯೂದಿದ್ರ ಬೆನ್ನ ಹಿಂದ ನಿಂತು ಬೈತೀನಿ, ಅಷ್ಟ ಲಾಭ ಆಗೇತಿ ನನಗ." ಅವರು ನಕ್ಕರು, ನಗು ಬಹಳ ಹೊತ್ತು ನಿಲ್ಲಲಿಲ್ಲ. "ನೀನರ ಹೇಳು ಬೇಟಿ. ನಿನ್ನ ಮ್ಯಾಲ ಸಿಟ್ಟು ಮಾಡಂಗಿಲ್ಲ."

ಉಪ್ಪಿನಕಾಯಿಯ ಡಬ್ಬಿ ಹಿಡಿದುಕೊಂಡು ಅಮೃತಾ ಹೊರಗೆ ಬಂದಾಗ ರಸೂಲಸಾಬರು ಬಾನೆಟ್ ಮುಚ್ಚಿ, ಅದರ ಮೇಲೆ ಅಂಗೈ ಇಟ್ಟು ನಿಂತಿದ್ದರು. "ಏನವ್ವ, ಮತ್ತೊಮ್ಮೆ ಚಾಲೂ ಮಾಡಿ ನೋಡ್ತಿಯೇನು?" ಎಂದು ಕೇಳಿದರು. ಕೇಳುವಾಗ ಅವರ ಕಣ್ಣು ಅವಳ ಬಾಯಿಯ ಮೇಲಿತ್ತು. ಉತ್ತರಕ್ಕಾಗಿ ಕಾಯುವಾಗ ಅವರ ಹುಬ್ಬುಗಳು ತುಸು ಮೇಲೆದ್ದಿದ್ದವು, ಪರೀಕ್ಷೆಯ ಫಲಿತಾಂಶ ಕೇಳಲು ನಿಂತವರ ಹಾಗೆ.

"ಬ್ಯಾಡ್ರಿ ಚಾಚಾ," ಎಂದಳು. "ಈಗ ಸಪ್ಪಳ ಇಲ್ಲ ಅನಸ್ತೈತಿ."

"ನಾ ಹೇಳ್ಲಿಲ್ಲ?" ಅವರ ಮುಖ ಅರಳಿತು.

ಕುಷ್ಟಗಿಯ ಸರ್ಕಲ್ಲಿನವರೆಗೂ ಆ ಉಸಿರು ಅವಳ ಪಾದದ ಬುಡದಲ್ಲೇ ಬಂತು. ಗಾಜು ಇಳಿಸಿದರೆ ಬಿಸಿಗಾಳಿ, ಏರಿಸಿದರೆ ವಾಸನೆ. ರವಿವಾರ ಹೇಗೂ ಗಂಗಾವತಿಗೆ ಹೋಗುವುದಿದೆ, ಅಷ್ಟಕ್ಕೇ ಒಬ್ಬ ಹಿರಿಯರ ಮನಸ್ಸು ಯಾಕೆ ನೋಯಿಸಬೇಕು ಎಂದು ತನಗೆ ತಾನೇ ಹೇಳಿಕೊಂಡಳು. ಇಳಕಲ್ ರಸ್ತೆಯ ತಿರುವಿನಲ್ಲಿ ಹೊಸ ಗ್ಯಾರೇಜೊಂದರ ತಗಡಿನ ನೆರಳಿಗೆ ಬೂದು ಬಣ್ಣದ ಕಾರೊಂದು ಬಾಯಿ ತೆರೆದುಕೊಂಡು ನಿಂತಿತ್ತು. ಅದರ ಪಕ್ಕ, ಕುರ್ಚಿಯ ಮೇಲೆ, ದಾಳಿಂಬೆ ವ್ಯಾಪಾರದ ಪ್ರಭುರಾಜ ಕುಳಿತಿದ್ದ. ತೋಟಗಳಲ್ಲಿ ದಿನವೂ ಭೇಟಿಯಾಗುವ ಮನುಷ್ಯ. ನಿನ್ನೆ ಸಂಜೆ ಇದೇ ಕಾರನ್ನು ರಸೂಲಸಾಬರ ಬೇವಿನ ಗಿಡದ ಕೆಳಗೆ ಅವಳು ನೋಡಿದ್ದಳು.

ಅವಳು ಗಾಡಿ ನಿಲ್ಲಿಸಿದ್ದೇ ಪ್ರಭುರಾಜ ಎದ್ದು ಬಂದ, ಸಿಕ್ಕಿಬಿದ್ದವನ ನಗೆ ನಗುತ್ತ. "ಚಾಚಾಗ ಹೇಳಬ್ಯಾಡ್ರಿ ಮತ್ತ, ಮೇಡಮ್."

"ನಿನ್ನೆ ಅಲ್ಲೇ ಇತ್ತಲ್ರಿ ನಿಮ್ಮ ಗಾಡಿ?"

"ಇತ್ರಿ. ಮೊದಲ ಅಲ್ಲಿ ತೋರಸೂದು, ಆಮ್ಯಾಲ ಇಲ್ಲಿ ಮಾಡಸೂದು. ಎಲ್ಲಾರೂ ಹಂಗ ಮಾಡ್ತೀವಿ. ಛಲೋ ಐತಿ ಅಂತಾನ, ಹೂಂ ಚಾಚಾ ಅಂತೀವಿ, ಇತ್ತಾಗ ತಿರುಗಿಸ್ತೀವಿ." ಅವನು ಅವಳ ಕಾರಿನತ್ತ ಕಿವಿ ಮಾಡಿದ. "ನಿಮ್ಮದೂ ಏನೋ ಬುಸುಗುಟ್ಟಾಕತ್ತೈತಲ್ರಿ. ಬಿಡ್ರಿ ಇಲ್ಲೇ, ನನ್ನದು ಮುಗಿದ ಕೂಡಲೆ ನೋಡ್ತಾರ."

ಅವಳಿಗೆ ಮೊದಲು ಅನಿಸಿದ್ದು ಸಮಾಧಾನ. ಹಾಗಾದರೆ ಸಪ್ಪಳ ಇದೆ, ತನ್ನ ಹೆದರಿಕೆಯದಲ್ಲ. ಆಮೇಲೆ ಕೇಳಿದಳು: "ಅವರಿಗೆ ಯಾರರ ಹೇಳಬೇಕಿತ್ತಲ್ರಿ?"

"ಯಾರು ಹೇಳಬೇಕ್ರಿ? ನನ್ನ ಮದುವಿ ಮೆರವಣಿಗ್ಯಾಗ ಗಾಡಿ ಬಂದ್ ಬಿದ್ದಾಗ, ಊಟಕ್ಕ ಬಂದಾವ ಹೊಸ ಅಂಗಿ ಮ್ಯಾಲನ ಅದರ ಬುಡಕ ಹೊಕ್ಕಂಡಾನ. ಅಂಥಾವನ ಮುಂದ ನಿಂತು ನಿನ್ನ ಕಿವಿ ಹೋಗ್ಯಾವ ಅನ್ಲೇನು? ನಮ್ಮ ಬಾಯಾಗ ಬರಂಗಿಲ್ರಿ." ಅವನು ತಲೆ ಕೊಡವಿದ. "ಆತ ಏನ ತಿಳಕೊಂಡಾನ ಗೊತ್ತೇನ್ರಿ? ಎಲ್ಲಾ ಸೆನ್ಸರ್ ಗಾಡಿ ಬಂದಾವ, ಅದಕ್ಕ ನನ್ನ ಕಡೆ ಬರೂ ಗಾಡಿ ಕಡಿಮಿ ಆದ್ವು ಅಂತಾನ."

ಗ್ಯಾರೇಜಿನವನು ಕೈ ಒರೆಸಿಕೊಳ್ಳುತ್ತ ಬಂದು ಅಮೃತಾಳ ಬಾನೆಟ್ಟಿನ ಮುಂದೆ ನಿಂತ. ಅವಳು ಅವನಿಗೆ ಬೇಡವೆಂದು ಕೈ ಆಡಿಸಿ, ಗಾಡಿಯನ್ನು ಹಿಂದಕ್ಕೆ ತೆಗೆದುಕೊಂಡು, ಬಂದ ದಾರಿಗೇ ತಿರುಗಿಸಿದಳು.

ದಾರಿಯುದ್ದಕ್ಕೂ ಮಾತು ಜೋಡಿಸಿದಳು. 'ಚಾಚಾ, ವಯಸ್ಸಾದಮೇಲೆ ಎಲ್ಲರಿಗೂ' ಎಂದು ಒಂದು. 'ಗಂಗಾವತಿಯಲ್ಲಿ ಒಳ್ಳೆಯ ಡಾಕ್ಟರಿದ್ದಾರೆ' ಎಂದು ಇನ್ನೊಂದು. ಯಾವುದೂ ಬಾಯಿಯ ಅಳತೆಗೆ ಸರಿಹೊಂದಲಿಲ್ಲ. ಅವಳು ತಲುಪಿದಾಗ ರಸೂಲಸಾಬರು ರಸ್ತೆಗೆ ಬೆನ್ನು ಹಾಕಿ, ಗೋಡೆಗೆ ಬಡಿದ ಮೊಳೆಗಳಿಗೆ ಪಾನಾಗಳನ್ನು ಒಂದೊಂದಾಗಿ ತೂಗುಹಾಕುತ್ತಿದ್ದರು. ಅವಳು ಅವರ ಹಿಂದೆ ಹೋಗಿ ನಿಂತಳು.

"ಚಾಚಾ, ನಿಮಗ ಕೇಳಸವಲ್ದು."

ಬಾಗಿಲಲ್ಲಿದ್ದ ಮೆಹಬೂಬಬೀ ಕೈಯಲ್ಲಿದ್ದ ಮೊರವನ್ನು ಅಲುಗಾಡಿಸುವುದನ್ನು ನಿಲ್ಲಿಸಿದರು. ರಸೂಲಸಾಬರು ಇನ್ನೊಂದು ಪಾನಾ ತೂಗುಹಾಕಿದರು. ಕೆಳಗಿದ್ದದ್ದನ್ನು ಎತ್ತಿಕೊಳ್ಳಲು ತಿರುಗಿದಾಗ ಅವಳನ್ನು ಕಂಡು ಬೆಚ್ಚಿಬಿದ್ದರು. "ಆಂ? ಯಾವಾಗ ಬಂದಿ? ಏನ ಮರತಿ?"

ಒಮ್ಮೆ ಹೇಳಿದ್ದನ್ನು ಮತ್ತೊಮ್ಮೆ, ಈಗ ಮುಖಕ್ಕೆ ಮುಖ ಕೊಟ್ಟು ಹೇಳಬೇಕಾಯಿತು. "ಸಪ್ಪಳ ಐತ್ರಿ ಚಾಚಾ. ನಾ ಆಗ ಸುಳ್ಳ ಹೇಳಿದೆ. ಸಪ್ಪಳ ಐತಿ, ನಿಮಗ ಕೇಳಸವಲ್ದು."

ಅವರು ಮೊದಲು ಅವಳನ್ನು ನೋಡಿದರು, ಆಮೇಲೆ ಹೆಂಡತಿಯನ್ನು. ಮೆಹಬೂಬಬೀ ಮೊರದೊಳಗಿನ ತೊಗರಿಯಲ್ಲಿ ಕಲ್ಲು ಹುಡುಕತೊಡಗಿದರು.

"ಇಬ್ಬರೂ ಕೂಡಿ ಮಸಲತ್ತು ಮಾಡೀರೇನು?" ರಸೂಲಸಾಬರ ದನಿ ಏರಿತು. "ನೀ ಜೀಪಿನ ಟಾಯರಿಗೆ ಆತು ನಿಲ್ಲೂದ ಕಲಿಯೂ ಮೊದಲ ನಾ ಎಂಜಿನ್ ಸಪ್ಪಳ ಕೇಳಿ ಯಾ ವಾಲ್ವ್ ಬಿದ್ದೈತಿ ಅಂತ ಹೇಳಾಂವ. ಬ್ಯಾಡಾಗಿದ್ರ ಒಯ್ಯಿ ಗಂಗಾವತಿಗೆ. ನಿನ್ನ ಗಂಡನೂ ಅದನ್ನ ಹೇಳಿರಬೇಕು."

"ಒಯ್ಯೂದಿದ್ರ ಹೇಳದ ಒಯ್ತಿದ್ದೆ, ಎಲ್ಲಾರಂಗ," ಎಂದಳು. ಎಲ್ಲಾರಂಗ ಎಂಬ ಮಾತು ಹೇಗೋ ನಾಲಗೆಯಿಂದ ಜಾರಿಹೋಗಿತ್ತು. ಅವರ ಕಣ್ಣು ಅದನ್ನು ಅವಳ ತುಟಿಯ ಮೇಲೆಯೇ ಹಿಡಿದುಬಿಟ್ಟಿತು.

ಅಮೃತಾ ಹೋಗಿ ಬಾನೆಟ್ ಎತ್ತಿದಳು. ಗೇರನ್ನು ನ್ಯೂಟ್ರಲ್ಲಿಗೆ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ಎಂಜಿನ್ ಚಾಲೂ ಮಾಡಿ ಇಳಿದಳು. "ಚಾಚಿ, ನೀವು ಒಳಗ ಕುಂದರ್ರಿ. ಬಲಗಾಲಿನ ಬುಡಕಿರೂದನ್ನ ಮೆತ್ತಗ ಒತ್ತೂದು, ಬಿಡೂದು."

"ಯಾ ಅಲ್ಲಾ! ಗಾಡಿ ಮುಂದ ಹೋದ್ರ?"

"ಹೋಗಂಗಿಲ್ರಿ."

"ಹೋದ್ರ ಮುಂದ ನಿಂತಾವ್ರು ನಿನ್ನ ಚಾಚಾನ. ನೋಡ್ಕೋ ಮತ್ತ," ಎನ್ನುತ್ತ ಮೆಹಬೂಬಬೀ ಸೆರಗು ಒಟ್ಟುಮಾಡಿಕೊಂಡು, ನೀರಿಗೆ ಇಳಿಯುವವರಂತೆ ಒಂದೊಂದೇ ಕಾಲಿಟ್ಟು, ಡ್ರೈವರ್ ಸೀಟಿನಲ್ಲಿ ಕುಳಿತರು.

ಅಮೃತಾ ರಸೂಲಸಾಬರ ಮುಂಗೈ ಹಿಡಿದುಕೊಂಡಳು. ಎಣ್ಣೆಯಿಂದ ನುಣುಪಾದ, ಬಿಸಿಯಾದ ಮುಂಗೈ. ಎಂಜಿನ್ ಓಡುತ್ತಿತ್ತು. ಅವಳು ಕಿವಿಗೊಟ್ಟು, ಆ ಉಸಿರು ಬಂದಾಗಲೆಲ್ಲ ತನ್ನ ಬೆರಳಿನಿಂದ ಅವರ ಮುಂಗೈಯ ಮೇಲೆ ಬಡಿಯತೊಡಗಿದಳು. ಚಫ್. ಚಫ್. ಚಫ್. ಒಳಗಿನಿಂದ ಮೆಹಬೂಬಬೀ ಕಾಲು ಒತ್ತಿದರು. ಅವಳ ಬೆರಳು ಅವಸರ ಮಾಡಿತು. ಕಾಲು ತೆಗೆದರು, ಬೆರಳು ನಿಧಾನವಾಯಿತು. ರಸೂಲಸಾಬರು ಕೈ ಎಳೆದುಕೊಳ್ಳಲಿಲ್ಲ. ಅವರ ಕಣ್ಣು ಅವಳ ಬೆರಳನ್ನು ಬಿಟ್ಟು ಎಂಜಿನ್ನಿಗೆ ಹೋಯಿತು, ಎಂಜಿನ್ನಿನಿಂದ ಬೆರಳಿಗೆ ಬಂತು.

"ಒತ್ತಿದಂಗ ಹೆಚ್ಚಾಕ್ಕೈತಿ?"

ಅವಳು ತಲೆಯಾಡಿಸಿದಳು.

"ಕಬ್ಬಿಣ ಕಬ್ಬಿಣಕ್ಕ ಬಡದಂಗೋ, ಗಾಳಿ ಹೋದಂಗೋ?"

"ಗಾಳಿ."

"ಬಂದ್ ಮಾಡು."

ಅವರು ಮೇಲಿನ ಪ್ಲಾಸ್ಟಿಕ್ ಮುಚ್ಚಳವನ್ನು ಕಿತ್ತು ಬದಿಗಿಟ್ಟರು. ನಾಜಲ್ ತೊಳೆದು ಹಾಕಿದ ಮೇಲೆ ಅದನ್ನು ಮತ್ತೆ ತೆಗೆಯುವ ಅಗತ್ಯ ಅವರಿಗೆ ಕಂಡಿರಲಿಲ್ಲ. ಸಾಲಾಗಿ ನಿಂತ ನಾಲ್ಕು ನಾಜಲ್‌ಗಳಲ್ಲಿ ಮೂರನೆಯದರ ಸುತ್ತ ಡಾಂಬರಿನಂಥ ಕಪ್ಪು ಕಿಟ್ಟ ಕಟ್ಟಿತ್ತು. ಅವರು ಬಟ್ಟೆ ಒಗೆಯುವ ಸಾಬೂನಿನ ನೀರು ತರಿಸಿ ಎಲ್ಲದರ ಬುಡಕ್ಕೂ ತುಸು ತುಸು ಸುರಿದು, ಗಾಡಿ ಚಾಲೂ ಮಾಡಲು ಸನ್ನೆ ಮಾಡಿದರು. ಉಳಿದ ಮೂರು ಕಡೆ ನೀರು ಸುಮ್ಮನೆ ನಡುಗಿತು. ಮೂರನೆಯದರ ಬುಡದಲ್ಲಿ ಮಾತ್ರ ಗುಳ್ಳೆಗಳು ಎದ್ದೆದ್ದು ಒಡೆದವು, ಅವಳ ಬೆರಳು ಬಡಿದ ಲೆಕ್ಕದಲ್ಲಿಯೇ.

ರಸೂಲಸಾಬರು ಬಹಳ ಹೊತ್ತು ಅದನ್ನೇ ನೋಡಿದರು. "ನಾಜಲ್ ಬುಡದ ವಾಷರ್," ಎಂದರು. "ಅದರ ಸಂದ್ಯಾಗ ಗ್ಯಾಸ್ ಹೊರಗ ಹೊಂಟೈತಿ. ಅದರ ವಾಸನಿ ನಿನ್ನ ಮೂಗಿಗೂ ಬಡದಿರಬೇಕು." ಅಲ್ಲಿಂದ ಮುಂದೆ ಅವರ ಕೈಗೆ ಯಾರೂ ಏನೂ ಹೇಳಬೇಕಾಗಿರಲಿಲ್ಲ. ಎಂಜಿನ್ ತಣ್ಣಗಾಗುವಷ್ಟರಲ್ಲಿ ಅವಳನ್ನು ಬಸ್‌ಸ್ಟ್ಯಾಂಡ್ ಬಳಿಯ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಕಳಿಸಿದರು. ಅವಳು ನಾಲ್ಕು ಹೊಸ ತಾಮ್ರದ ವಾಷರ್ ತೆಗೆದುಕೊಂಡು, ಆಟೋದಲ್ಲಿ ತಿರುಗಿ ಬರುವ ಹೊತ್ತಿಗೆ ಕಿಟ್ಟವನ್ನೆಲ್ಲ ಕೆರೆದು, ಡೀಸೆಲ್ ಬಿಟ್ಟು ನೆನೆಸಿ, ಕಚ್ಚಿಕೊಂಡಿದ್ದ ನಾಜಲನ್ನು ಆಚೆ ಈಚೆ ತಿರುವಿ ಬಿಡಿಸುತ್ತಿದ್ದರು. ಹಲ್ಲು ಕೀಳುವ ಡಾಕ್ಟರರ ಹಾಗೆ ಅವರ ಬಾಯಿ ಒಂದು ಬದಿಗೆ ಸೊಟ್ಟಗಾಗಿತ್ತು.

ಹಳೆಯ ವಾಷರನ್ನು ಅಂಗೈಯಲ್ಲಿಟ್ಟುಕೊಂಡು ಅವರು ಕಲ್ಲಿನ ಮೇಲೆ ಕುಳಿತರು. ಅದರ ಒಂದು ಬದಿಯನ್ನು ಸೀಳಿಕೊಂಡು ಕಪ್ಪು ಗೆರೆಯೊಂದು ಹೋಗಿತ್ತು.

"ಹಳೇದನ್ನ ಹಾಕಿದ್ದೆ ಅವ್ವ," ಎಂದರು. "ಕೆಂಪಗ ಕಾಸಿ ನೀರಾಗ ಅದ್ದಿದ್ರ ತಾಮ್ರ ಮೆತ್ತಗಾಗ್ತೈತಿ, ಮತ್ತ ಛಲೋ ಕುಂದರ್ತೈತಿ. ಆಗ ಇಲ್ಲಿ ಹೊಸಾ ವಾಷರ್ ಎಲ್ಲಿ ಸಿಗತಿದ್ವು? ನಿಮ್ಮಪ್ಪನ ಜೀಪಿಗೆ ಎಷ್ಟ ಸಲ ಹಿಂಗ ಹಾಕೀನೋ ಏನೋ. ಒಂದೊಂದ ಸರ್ತಿ ಕುಂದರತಿದ್ದಿಲ್ಲ. ಕುಂದರಲಿಲ್ಲಂದ್ರ ಚಾಲೂ ಮಾಡಿದ ಕೂಡಲೆ ಕಿವೀಗೆ ಗೊತ್ತಾಗ್ತಿತ್ತು. ಬಿಚ್ಚಿ ಮತ್ತ ಹಾಕ್ತಿದ್ದೆ." ಅವರು ವಾಷರನ್ನು ಬೆರಳಿನಿಂದ ತಿರುವಿದರು. "ಈ ಸರ್ತಿ ಚಾಲೂ ಮಾಡಿದೆ, ಏನೂ ಗೊತ್ತಾಗಲಿಲ್ಲ. ಛಲೋ ಕುಂತೈತಿ ಅಂದ್ಕೊಂಡೆ."

ಅಮೃತಾಳಿಗೆ ಸಮಾಧಾನದ ಮಾತೊಂದು ಬಾಯಿಗೆ ಬಂತು. ಅವಳು ಅದನ್ನು ಆಡಲಿಲ್ಲ. ಅವರ ಪಕ್ಕದಲ್ಲಿ ಕಲ್ಲಿನ ಇನ್ನೊಂದು ತುದಿಗೆ ಕುಳಿತುಕೊಂಡಳು.

"ಎಲ್ಲಾರಂಗ ಅಂದಿ," ಎಂದರು ಅವರು, ರಸ್ತೆ ನೋಡುತ್ತ. "ಎಲ್ಲಾರೂ ಎಲ್ಲಿ ಒಯ್ತಾರ?"

ಅವರು ರಸ್ತೆಯನ್ನು ಬಿಟ್ಟು ಅವಳ ಮುಖದತ್ತ ತಿರುಗಿದರು. ತುಟಿ ಅಲುಗಾಡದ್ದನ್ನು ನೋಡಿದರು. ಎದ್ದು ಹೊಸ ವಾಷರ್‌ಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿ, ನಾಲ್ಕೂ ನಾಜಲ್‌ಗಳಿಗೆ ಕೂರಿಸಿದರು. ಡೀಸೆಲ್ ಲೈನಿನಲ್ಲಿ ಸೇರಿದ್ದ ಗಾಳಿ ತೆಗೆದು ಎಂಜಿನ್ ಚಾಲೂ ಮಾಡಿದಾಗ ಅದು ಮೊದಲು ಕೆಮ್ಮಿ, ಬಿಳಿ ಹೊಗೆ ಉಗುಳಿ, ನಂತರ ಒಂದೇ ಸಮ ಓಡತೊಡಗಿತು. ಅವರು ಬುಡಕ್ಕೆ ಸಾಬೂನಿನ ನೀರು ಬಿಟ್ಟು ನೋಡಿದರು. ಗುಳ್ಳೆ ಏಳಲಿಲ್ಲ. ಆದರೂ ಅವಳತ್ತ ತಿರುಗಿದರು.

"ಈಗ?"

"ಇಲ್ರಿ."

"ಖರೇನ? ಆಗಿನಂಗಲ್ಲ?"

"ಖರೇನ ಇಲ್ರಿ ಚಾಚಾ."

ಅಷ್ಟರಲ್ಲಿ ಶಾಲೆಯ ಹಳದಿ ವ್ಯಾನೊಂದು ರಸ್ತೆಯಿಂದ ಇಳಿದು ಗಿಡದ ನೆರಳಿಗೆ ಬಂತು. ನಿಲ್ಲುವಾಗ ಅದರ ಹಿಂದಿನ ಗಾಲಿಯೊಳಗಿಂದ ಸಣ್ಣ ಕಿರುಚು ಎದ್ದಿತು. ಮೆಹಬೂಬಬೀ ಮುಖ ಕಿವುಚಿದರು. ಡ್ರೈವರ್ ಬಾಲಪ್ಪ ಇಳಿದು, ಅಮೃತಾಳನ್ನು ಕಂಡು ನಮಸ್ಕಾರ ಮಾಡಿ, ರಸೂಲಸಾಬರಿಗೆ ಹೇಳಿದ: "ಏನಿಲ್ಲ ಚಾಚಾ, ಹಂಗ ಹೊಂಟಿದ್ದೆ. ಒಂಚೂರು ಆಯಿಲ್ ನೋಡಿಬಿಡು, ಹೊಕ್ಕೀನಿ."

ರಸೂಲಸಾಬರು ಆಯಿಲ್ ನೋಡಲು ಹೋಗಲಿಲ್ಲ. ಕೈ ಒರೆಸುವ ಅರಿವೆಯನ್ನು ಮಡಿಚಿದರು, ಬಿಚ್ಚಿದರು, ಮತ್ತೆ ಮಡಿಚಿದರು.

"ಬಾಲಪ್ಪಾ, ಈ ಗಾಡ್ಯಾಗ ಹುಡುಗ್ರು ಕುಂದರ್ತಾವ. ಯಾ ಸಪ್ಪಳ ಬರ್ತೈತಿ ಹೇಳು. ನನಗ ಕೇಳಸಂಗಿಲ್ಲ."

ಬಾಲಪ್ಪ ಅಮೃತಾಳನ್ನು ನೋಡಿದ, ಮೆಹಬೂಬಬೀಯನ್ನು ನೋಡಿದ. ಇಬ್ಬರೂ ಅವನ ನೆರವಿಗೆ ಬರಲಿಲ್ಲ. ಅವನು ಹಿಂದಿನ ಗಾಲಿಯ ಹತ್ತಿರ ಕುಕ್ಕುರುಗಾಲಲ್ಲಿ ಕುಳಿತು, ಬೆರಳು ತೋರಿಸುತ್ತ, ಗಾಲಿಗೇ ಏನೋ ಹೇಳತೊಡಗಿದ. ಅರ್ಧಕ್ಕೆ ನಿಲ್ಲಿಸಿದ. ಎದ್ದು, ಮೊಣಕಾಲಿನ ದೂಳು ಝಾಡಿಸಿಕೊಂಡು, ನೆರಳಿನಿಂದ ಬಿಸಿಲಿಗೆ ಬಂದು ರಸೂಲಸಾಬರ ಎದುರಿಗೆ ನಿಂತ. ಎಲೆ ಅಡಿಕೆಯಿಂದ ಕೆಂಪಾದ ಬಾಯಿಯನ್ನು ಅಗಲವಾಗಿ ತೆರೆದು, ಕತ್ತಿನ ನರ ಉಬ್ಬುವ ಹಾಗೆ, "ಕಿರ್ರ್ರ್" ಎಂದ. ರಸೂಲಸಾಬರು ಕನ್ನಡಕವನ್ನು ಹಣೆಯಿಂದ ಕಣ್ಣಿಗೆ ಇಳಿಸಿಕೊಂಡು, ಕತ್ತು ಮುಂದೆ ಚಾಚಿ, ಆ ಬಾಯನ್ನೇ ನೋಡುತ್ತಿದ್ದರು.

"ಇನ್ನೊಮ್ಮೆ ಮಾಡು," ಎಂದರು.